ಮೈ ಕೆಂಪಾ, ಕಪ್ಪಾ?

ಎಲ್ಲರಿಗೂ ನಮಸ್ಕಾರ. ಬೇಸಿಗೆ ಶಿಬಿರದ ಮಕ್ಕಳು ಮುಂದಿನ ಸಾಲಿನಲ್ಲಿದ್ದೀರಿ, ಅಪ್ಪ ಅಮ್ಮಂದಿರು ಫ್ಯಾನ್ ಇರುವ ಕಡೆ ಕೂತಿದ್ದೀರಿ. ಉಡುಪಿಯ ಏಪ್ರಿಲ್ ಸೆಕೆ, ಯಾರನ್ನೂ ಬೈಯುವ ಹಾಗಿಲ್ಲ. ನನಗೆ ಕೊಟ್ಟಿರುವುದು 25 ನಿಮಿಷ. 10 ಚಿಟ್ಟೆ ಗುರುತಿಸುವುದು ಹೇಳಿಕೊಡುತ್ತೇನೆ ಅಂತ ಒಪ್ಪಿಕೊಂಡು ಬಂದಿದ್ದೇನೆ. ನೋಡೋಣ.

ನಿನ್ನೆ ಈ ಮಕ್ಕಳ ಜೊತೆ ಸುತ್ತಾಡಿದೆ. ಒಂದು ಚಿಟ್ಟೆ ಕಂಡರೆ ಸಾಕು, ಮೊಬೈಲ್ ಹಿಡಿದು ಎಲ್ಲರೂ ಓಟ. ಆಪ್‌ಗೆ ಫೋಟೋ ಹಾಕಿದರೆ ಹೆಸರು ಬರುತ್ತದೆ, ಸರಿ. ಅದು ಯಾವ ಗಿಡದ ಮೇಲೆ ಕೂತಿತ್ತು ಅಂತ ಕೇಳಿದೆ. ಎಲ್ಲರೂ ಒಬ್ಬರ ಮುಖ ಒಬ್ಬರು ನೋಡಿದರು. ಚಿಟ್ಟೆ ಹಿಂದೆ ಓಡಬೇಡಿ, ಗಿಡದ ಪಕ್ಕ ನಿಲ್ಲಿ. ಇದನ್ನು ಇವತ್ತು ಎಷ್ಟು ಸಲ ಹೇಳುತ್ತೇನೋ, ಬೇಜಾರು ಮಾಡಿಕೊಳ್ಳಬೇಡಿ.

ನನಗೆ ಇದನ್ನು ಕಲಿಸಿದ್ದು ನನ್ನ ಹೆಂಡತಿ. ಕಾಮನ್ ರೋಸ್ ಗೊತ್ತಲ್ಲ? ಕಪ್ಪು ರೆಕ್ಕೆ, ಹಿಂದಿನ ರೆಕ್ಕೆಯ ನಡುವೆ ಬಿಳಿ ಮಚ್ಚೆ, ಅಂಚಿನಲ್ಲಿ ಕೆಂಪು ಚುಕ್ಕೆ, ಪುಟ್ಟ ಬಾಲ. ನಮ್ಮ ಅಂಗಳದ ಕೇಪಳದ ಹೂವಿಗೆ ದಿನಾ ಬರುತ್ತಿತ್ತು. ನಾನು ಎರಡು ವರ್ಷ ನೋಟ್‌ಬುಕ್ಕಿನಲ್ಲಿ ‘ರೋಸ್, ರೋಸ್’ ಅಂತ ಬರೆದೇ ಬರೆದೆ. ಬ್ಯಾಂಕಿನ ಲೆಡ್ಜರ್ ಬರೆದ ಕೈ, ತಪ್ಪು ಬರೆದರೂ ಚಂದ ಬರೆಯುತ್ತದೆ. ಒಂದು ಬೆಳಿಗ್ಗೆ ಇವಳು ಒಗ್ಗರಣೆಗೆ ಕರಿಬೇವು ಕೀಳಲು ಹೋದವಳು ಅಲ್ಲಿಂದಲೇ ಕೂಗಿದಳು. “ಹ್ವಾಯ್, ನಿಮ್ಮ ರೋಸು ನನ್ನ ಕರಿಬೇವಿಗೆ ಮೊಟ್ಟೆ ಇಡ್ತಾ ಉಂಟು. ಅದಕ್ಕೆ ಈಶ್ವರಬಳ್ಳಿಯೇ ಆಗಬೇಕು ಅಂತ ನೀವೇ ಹೇಳಿದ್ದಲ್ವಾ?”

ನಾನು ಹಲ್ಲುಜ್ಜುತ್ತಿದ್ದೆ. ಬ್ರಷ್ ಬಾಯಲ್ಲಿ ಇಟ್ಟುಕೊಂಡೇ ಹೋದೆ. ಹೌದು, ಎಳೆ ಚಿಗುರಿನ ಮೇಲೆ ಹೊಟ್ಟೆ ಬಗ್ಗಿಸಿ ಮೊಟ್ಟೆ ಅಂಟಿಸುತ್ತಿತ್ತು. ಸಾಸಿವೆ ಕಾಳಿನಷ್ಟು, ತಿಳಿ ಹಳದಿ. ಅವತ್ತು ಮೊದಲ ಸಲ ರೆಕ್ಕೆ ಬಿಟ್ಟು ಮೈ ನೋಡಿದೆ. ಕಪ್ಪು! ರೋಸಿನ ಮೈ ಕೆಂಪಿರಬೇಕು. ಇದು ಕಾಮನ್ ಮಾರ್ಮನ್ ಹೆಣ್ಣು, ರೋಸಿನ ವೇಷ ಕಟ್ಟಿ ಬಂದದ್ದು. ಯಕ್ಷಗಾನದ ಊರಿನಲ್ಲಿದ್ದೂ ನನಗೆ ವೇಷ ಗೊತ್ತಾಗಲಿಲ್ಲ ನೋಡಿ.

ವೇಷ ಯಾಕೆ? ರೋಸಿನ ಹುಳು ಈಶ್ವರಬಳ್ಳಿ ತಿಂದು ಅದರ ವಿಷವನ್ನು ಮೈಯಲ್ಲಿ ಇಟ್ಟುಕೊಳ್ಳುತ್ತದೆ. ಒಮ್ಮೆ ಬಾಯಿ ಹಾಕಿದ ಹಕ್ಕಿ ಮತ್ತೆ ಹತ್ತಿರ ಹೋಗುವುದಿಲ್ಲ. ಕರಿಬೇವು, ಲಿಂಬೆ ಎಲೆ ತಿಂದು ಬೆಳೆದ ಮಾರ್ಮನ್‌ಗೆ ಆ ವಿಷ ಎಲ್ಲಿಂದ ಬರಬೇಕು? ಸುಮ್ನೆ ಬಣ್ಣ ತೋರಿಸಿ ಬಚಾವಾಗುತ್ತದೆ. ಇದರ ಹೆಣ್ಣುಗಳಲ್ಲಿ ಮೂರು ಬಗೆ. ಒಂದು ಗಂಡಿನ ಹಾಗೇ, ಒಂದು ಕಾಮನ್ ರೋಸ್ ಹಾಗೆ, ಇನ್ನೊಂದು ಕ್ರಿಮ್ಸನ್ ರೋಸ್ ಹಾಗೆ. ಒಬ್ಬ ಗಂಡನಿಗೆ ಬಗೆಬಗೆಯ ಹೆಂಡತಿಯರು ಅಂತ, ಬಹುಪತ್ನಿತ್ವಕ್ಕೆ ಆಗ ಹೆಸರಾಗಿದ್ದ ಅಮೆರಿಕದ ಮಾರ್ಮನ್ ಪಂಥದ ಹೆಸರನ್ನೇ ಇಂಗ್ಲಿಷರು ಇದಕ್ಕೆ ಅಂಟಿಸಿದರು. ಅಪ್ಪಂದಿರು ನಗಬೇಡಿ, ಪಕ್ಕದಲ್ಲೇ ಕೂತಿದ್ದಾರೆ.

ಅಂದ ಹಾಗೆ, ನಮ್ಮ ರಾಜ್ಯದ ಚಿಟ್ಟೆ ಸದರ್ನ್ ಬರ್ಡ್‌ವಿಂಗ್‌ನ ಹುಳುವಿಗೂ ಅದೇ ಈಶ್ವರಬಳ್ಳಿಯ ಜಾತಿ ಬೇಕು. ಬೇಲಿ ಸವರುವಾಗ ಆ ಬಳ್ಳಿಯನ್ನೂ ಕತ್ತರಿಸಿ, ಆಮೇಲೆ ಚಿಟ್ಟೆ ಎಲ್ಲಿ ಅಂತ ಕೇಳುವವರು ನಾವು. ಗಿಡ ನೋಡಿ ಅಂತ ನಾನು ಹೇಳುವುದು ಇದಕ್ಕೇ.

ಚೀಟಿ ಬಂತು. ಏಳು ನಿಮಿಷ ಅಂತೆ. ಬೇಸಿಗೆಯ ವಿಷಯ ಇನ್ನೂ ಶುರುವೇ ಆಗಲಿಲ್ಲ!

ಬೇಗ ಹೇಳುತ್ತೇನೆ. ಬೆಳಿಗ್ಗೆ ಹತ್ತೂವರೆ ಒಳಗೆ ಹೊರಡಿ. ಮಧ್ಯಾಹ್ನದ ಬಿಸಿಲಿಗೆ ಅವೂ ನಮ್ಮ ಹಾಗೆ ನೆರಳು ಹಿಡಿಯುತ್ತವೆ. ಸ್ವರ್ಣಾ ನದಿ ಬದಿಯ ಹಸಿ ಮಣ್ಣು ನೋಡಿ, ಉಪ್ಪಿನಂಶ ಹೀರಲು ಗುಂಪು ಕೂತಿರುತ್ತದೆ, ಗಂಡುಗಳೇ ಜಾಸ್ತಿ. ತೋಟದಲ್ಲಿ ಬಿದ್ದು ಕೊಳೆತ ಹಲಸನ್ನು ಒಂದೆರಡು ದಿನ ಹಾಗೇ ಬಿಡಿ. ಹೂವಿನ ಕಡೆ ಅಷ್ಟಾಗಿ ಹೋಗದ ಬ್ಯಾರನ್ ಅಲ್ಲಿಗೆ ಬರುತ್ತದೆ. ಅದರ ಹುಳು ಇರುವುದು ಮಾವು, ಗೇರಿನ ಎಲೆಯ ಮೇಲೆ. ಬೆನ್ನ ಮೇಲಿನ ಹಳದಿ ಗೆರೆಯನ್ನು ಎಲೆಯ ನಡುನರಕ್ಕೆ ಸರಿಯಾಗಿ ಹೊಂದಿಸಿ ಮಲಗಿರುತ್ತದೆ. ಕಣ್ಣೆದುರೇ ಇದ್ದರೂ ಕಾಣುವುದಿಲ್ಲ.

ಕಾಮನ್ ಈವ್ನಿಂಗ್ ಬ್ರೌನ್ ಬೇಸಿಗೆಯಲ್ಲಿ ಎಲ್ಲರನ್ನೂ ಏಮಾರಿಸುತ್ತದೆ. ಮಳೆಗಾಲದಲ್ಲಿ ಮಡಚಿದ ರೆಕ್ಕೆಯ ಮೇಲೆ ಕಣ್ಣಿನಂಥ ಚುಕ್ಕೆಗಳ ಸಾಲು ಇರುತ್ತದೆ. ಒಣ ದಿನಗಳಲ್ಲಿ ಹುಟ್ಟಿದ್ದಕ್ಕೆ ಆ ಚುಕ್ಕೆಗಳು ಹೆಚ್ಚುಕಡಿಮೆ ಮಾಯ. ಸಾಕ್ಷಾತ್ ತರಗೆಲೆ. ಒಂದೇ ಚಿಟ್ಟೆ, ಎರಡು ಅಂಗಿ. ಇದಕ್ಕೆ ಬೇಕಾದ ಗಿಡ? ಹುಲ್ಲು, ಭತ್ತ.

ಬ್ಲೂ ಟೈಗರ್‌ಗಳು ಮಳೆ ಹಿಡಿಯುವ ಮುಂಚೆ ಘಟ್ಟದಿಂದ ಪೂರ್ವದ ಬಯಲಿಗೆ ವಲಸೆ ಹೋಗುವುದನ್ನು... ಇಲ್ಲ, ಮತ್ತೆ ಚೀಟಿ. 10 ಅಂದಿದ್ದೆ, ಆರಾದರೂ ಆಯಿತಲ್ಲ.

ಮಕ್ಕಳೇ, ಬಾಗಿಲ ಹತ್ತಿರ ಮೇಜಿನ ಮೇಲೆ ಡಬ್ಬಿ ಇದೆ. ಕರಿಬೇವಿನ ಕೊಂಬೆ, ಅದರಲ್ಲಿ ಮಾರ್ಮನ್ ಹುಳುಗಳು. ಚಿಕ್ಕವು ಹಕ್ಕಿ ಹಿಕ್ಕೆಯ ಹಾಗೆ ಕಾಣುತ್ತವೆ, ದೊಡ್ಡವು ಹಸಿರು. ಮುಟ್ಟಿದರೆ ತಲೆಯ ಹಿಂದಿನಿಂದ ಕೆಂಪು ಕವಲುಕೊಂಬು ಹೊರಬರುತ್ತದೆ, ಘಾಟು ವಾಸನೆ. ಸಾಲಾಗಿ ಬಂದು ನೋಡಿ, ಮುಚ್ಚಳ ಮಾತ್ರ ತೆಗೆಯಬೇಡಿ. ಸಂಜೆ ಅವನ್ನು ವಾಪಸ್ ಗಿಡಕ್ಕೆ ಬಿಡಬೇಕು. ಇವಳು ಎಣಿಸಿ ಕೊಟ್ಟಿದ್ದಾಳೆ, ಒಟ್ಟು ಏಳು.