ಬರುವಾಗ ಚೀಲ ತನ್ನಿ

ಎಲ್ಲರಿಗೂ ನಮಸ್ಕಾರ. ಊಟ ಮುಗಿಸಿ ರೇಡಿಯೋ ಹಾಕಿಕೊಂಡು ಕೂತಿರುವ ಅಕ್ಕಂದಿರಿಗೆ, ಲೈನ್ ಮನೆಯ ಜಗಲಿಯಲ್ಲಿರುವ ಅಣ್ಣಂದಿರಿಗೆ, ಅದರಲ್ಲೂ ಶುಗರ್ ಇದೆ ಅಂತ ಗೊತ್ತಿದ್ದೂ ಪಕ್ಕದಲ್ಲಿ ಬೆಲ್ಲದ ಕಾಫಿ ಇಟ್ಟುಕೊಂಡವರಿಗೆ.

ಸ್ಪೆಷಲಿಸ್ಟ್ ನರ್ಸ್ ಅಂದರೆ ಯಾರು, ಅವರ ಕೆಲಸ ಏನು ಅಂತ ಹೇಳಿ ಎಂದು ಕರೆದಿದ್ದಾರೆ. ಹತ್ತು ನಿಮಿಷ ಕೊಟ್ಟಿದ್ದಾರೆ. ನಾನು ಬಂದಿರುವುದು ಒಂದೇ ಮಾತು ಹೇಳುವುದಕ್ಕೆ. ಆಸ್ಪತ್ರೆಗೆ ಬರುವಾಗ ಮನೆಯಲ್ಲಿರುವ ಮದ್ದೆಲ್ಲ ಒಂದು ಚೀಲಕ್ಕೆ ಹಾಕಿಕೊಂಡು ಬನ್ನಿ. ಚೀಟಿ ಸಾಲದು. ಚೀಲ ತನ್ನಿ.

ಜನರಲ್ ಮೆಡಿಸಿನ್ ವಾರ್ಡ್ ಅಂದರೆ ಆಪರೇಷನ್ ಬೇಡದ ಕಾಯಿಲೆಗಳ ವಾರ್ಡು. ಜ್ವರ, ಬಿಪಿ, ದಮ್ಮು, ಲಕ್ವ, ಹಾವು ಕಚ್ಚಿದವರು, ಎಲ್ಲರೂ ಅಲ್ಲೇ. ಡಾಕ್ಟರ್ ರೌಂಡ್ಸಿಗೆ ಬರುತ್ತಾರೆ, ಹೋಗುತ್ತಾರೆ. ಡ್ಯೂಟಿಯಲ್ಲಿರುವ ಸಿಸ್ಟರ್‌ಗೆ ಅಷ್ಟೂ ಬೆಡ್ ನೋಡಿ ಕೂರುವುದಕ್ಕೆ ಪುರುಸೊತ್ತಿಲ್ಲ. ಸ್ಪೆಷಲಿಸ್ಟ್ ನರ್ಸ್ ಒಂದೇ ಕಾಯಿಲೆಯನ್ನು ಹಿಡಿದುಕೊಂಡು ಅದರ ಬೆನ್ನು ಹತ್ತುತ್ತಾರೆ. ನರ್ಸಿಂಗ್ ಡಿಪ್ಲೊಮಾ, ಅಂದರೆ ಜಿಎನ್‌ಎಂ ಆದರೆ 3 ವರ್ಷ, ಬಿಎಸ್ಸಿ ನರ್ಸಿಂಗ್ ಆದರೆ 4 ವರ್ಷ ಓದಿ, ವಾರ್ಡಿನಲ್ಲಿ ಪಳಗಿ, ಆಮೇಲೆ ಆ ಒಂದು ಕಾಯಿಲೆಯದೇ ತರಬೇತಿ. ನನ್ನದು ಶುಗರ್. ಶುಗರ್ ಇರುವವರು ಕಾಲು ಮುರಿದುಕೊಂಡು ಮೂಳೆ ವಾರ್ಡಿಗೆ ಸೇರಿದರೆ ನಾನೂ ಅಲ್ಲಿಗೆ ಹೋಗುತ್ತೇನೆ. ಹೆರಿಗೆ ವಾರ್ಡಿಗೂ ಹೋಗುತ್ತೇನೆ. ಈಗ ಸರ್ಕಾರಿ ಕಾಗದದಲ್ಲಿ ನರ್ಸ್‌ಗಳಿಗೆ ಶುಶ್ರೂಷಾಧಿಕಾರಿ ಅಂತ ಹೆಸರು. ನೀವು ಸಿಸ್ಟರ್ ಅಂತಲೇ ಕರೆಯಿರಿ, ಓಡಿ ಬರುತ್ತೇವೆ.

ಮದ್ದು ಬರೆಯುವುದು ಡಾಕ್ಟರ್. ಅದು ನಿಮ್ಮ ಮನೆಯಲ್ಲಿ, ನಿಮ್ಮ ಕೈಯಿಂದ, ಬರೆದಷ್ಟೇ ಒಳಗೆ ಹೋಗುತ್ತಿದೆಯಾ ಅಂತ ನೋಡುವುದು ನನ್ನ ಕೆಲಸ. ಅದು ಯಾಕೆ ಅಷ್ಟು ದೊಡ್ಡ ಕೆಲಸ ಅನ್ನುವುದಕ್ಕೆ ಒಬ್ಬ ಅಜ್ಜನ ವಿಷಯ ಹೇಳುತ್ತೇನೆ.

ನಾಪೋಕ್ಲು ಕಡೆಯವರು. ಎಪ್ಪತ್ತು ದಾಟಿತ್ತು. ಕಾಲಿನ ಗಾಯ ವಾಸಿಯಾಗದೆ ಜುಲೈಯಲ್ಲಿ ನಮ್ಮ ವಾರ್ಡಿಗೆ ಸೇರಿದರು. ಶುಗರ್ 380. ಒಂದು ವರ್ಷದಿಂದ ಇನ್ಸುಲಿನ್ ಚುಚ್ಚಿಕೊಳ್ಳುತ್ತಿದ್ದರು. ಮೊದಲು 20 ಯೂನಿಟ್ ಇತ್ತು. ಇಳಿಯಲಿಲ್ಲ ಅಂತ ಡಾಕ್ಟರ್ 30 ಮಾಡಿದ್ದರು. ಆಗಲೂ ಇಳಿಯಲಿಲ್ಲ. ಎಲ್ಲರದೂ ಒಂದೇ ಮಾತು: ಅಜ್ಜ ಕದ್ದು ತಿನ್ನುತ್ತಾರೆ. ಮಗ ಹೇಳಿದ, ಸೊಸೆ ಹೇಳಿದಳು, ನಮ್ಮ ಆಯಾ ಕೂಡ ಹೇಳಿದರು. ಅಜ್ಜ ಗೋಡೆ ಕಡೆ ತಿರುಗಿ ಮಲಗಿಬಿಟ್ಟರು.

ಆ ರಾತ್ರಿ ಊಟಕ್ಕೆ ಮುಂಚೆ, ಚೀಟಿಯಲ್ಲಿ ಇದ್ದ ಹಾಗೇ 30 ಯೂನಿಟ್ ಕೊಟ್ಟರು. ಬೆಳಗಿನ ಜಾವ ಮೂರು ಗಂಟೆ. ಮಡಿಕೇರಿಯ ಮಳೆ ನಿಮಗೆ ಗೊತ್ತಲ್ಲ, ವಾರ್ಡಿನಲ್ಲಿ ಒಬ್ಬೊಬ್ಬರ ಮೇಲೂ ಎರಡೆರಡು ಕಂಬಳಿ. ಈ ಅಜ್ಜ ಮಾತ್ರ ಬೆವರಿ ತೊಪ್ಪೆಯಾಗಿದ್ದಾರೆ. ಕೈ ನಡುಗುತ್ತಿದೆ. ನೈಟ್ ಡ್ಯೂಟಿ ಹುಡುಗಿ ಜಾಣೆ, ತಕ್ಷಣ ಬೆರಳು ಚುಚ್ಚಿ ನೋಡಿದಳು. 48. ಮೂರು ಚಮಚ ಸಕ್ಕರೆ ನೀರಿಗೆ ಕದಡಿ ಕುಡಿಸಿ, 15 ನಿಮಿಷ ಬಿಟ್ಟು ಮತ್ತೆ ನೋಡಿದಳು. ಅಜ್ಜ ಉಳಿದರು.

ಬೆಳಿಗ್ಗೆ ನನಗೆ ಇದನ್ನು ಹೇಳಿದಾಗ ತಲೆಗೆ ಹುಳ ಬಿಟ್ಟ ಹಾಗಾಯಿತು. ಮನೆಯಲ್ಲಿ 30 ಹಾಕಿಕೊಂಡಾಗ 380. ಇಲ್ಲೂ ಅದೇ 30, ಆದರೆ 48. ಸ್ಟೂಲು ಎಳೆದುಕೊಂಡು ಕೂತೆ. "ಅಜ್ಜ, ಮನೆಯಿಂದ ನಿಮ್ಮ ಸಿರಿಂಜು, ಬಾಟಲಿ ಎಲ್ಲ ತರಿಸಿ. ನೀವು ಹಾಕಿಕೊಳ್ಳುವುದು ಹೇಗೆ ಅಂತ ನನಗೆ ತೋರಿಸಬೇಕು" ಅಂದೆ. ಸೊಸೆ ಹನ್ನೊಂದು ಗಂಟೆ ಬಸ್ಸಿಗೆ ಒಂದು ಬಿಸ್ಕತ್ತು ಡಬ್ಬಿ ತಂದಳು.

ಅಜ್ಜ ಎದ್ದು ಕೂತರು. ಕೈ ತೊಳೆದುಕೊಂಡರು. ಮಂಚದ ಪಕ್ಕ ಇದ್ದ ಮೂಸಂಬಿಯನ್ನು ಹೊಟ್ಟೆ ಅಂತ ಮಾಡಿಕೊಂಡೆವು. ಬಾಟಲಿ ಅಂಗೈಯಲ್ಲಿ ಮೆಲ್ಲಗೆ ಉರುಳಿಸಿದರು. ಗುಳ್ಳೆ ತೆಗೆದರು. ಸರಿಯಾಗಿ 30ರ ಗೆರೆಗೆ ಎಳೆದರು. ಕೋವಿ ಹಿಡಿದ ಕೈ, ಒಂದು ಚೂರೂ ಅಲುಗಲಿಲ್ಲ. ಚುಚ್ಚಿ, ಹತ್ತು ಎಣಿಸಿ, ತೆಗೆದರು. ನಮ್ಮ ವಿದ್ಯಾರ್ಥಿಗಳೂ ಇಷ್ಟು ಚೆನ್ನಾಗಿ ಮಾಡುವುದಿಲ್ಲ. ಆಮೇಲೆ ಮುಚ್ಚಳ ಹಾಕಿದರು. ಮುಚ್ಚಳ ಕಿತ್ತಳೆ ಬಣ್ಣ.

ದಯವಿಟ್ಟು ಇದನ್ನು ಗಮನ ಇಟ್ಟು ಕೇಳಿ. ಇನ್ಸುಲಿನ್ ಬಾಟಲಿ ಮೇಲೆ 40 ಅಂತ ಇದ್ದರೆ, ಅಂದರೆ ಒಂದು ಎಂಎಲ್‌ನಲ್ಲಿ 40 ಯೂನಿಟ್ ಇದ್ದರೆ, ಸಿರಿಂಜಿನ ಮುಚ್ಚಳ ಕೆಂಪು. 100 ಅಂತ ಇದ್ದರೆ ಕಿತ್ತಳೆ. ಕಿತ್ತಳೆ ಬಣ್ಣ ಹೇಗಿರುತ್ತದೆ ಅಂತ ಕೊಡಗಿನವರಿಗೆ ನಾನು ಹೇಳಿಕೊಡಬೇಕಾಗಿಲ್ಲ. ಅಜ್ಜನ ಬಾಟಲಿ 40ರದ್ದು, ಸಿರಿಂಜು 100ರದ್ದು. ಗೆರೆ 30 ಅಂತ ತೋರಿಸಿದರೂ ಒಳಗೆ ಹೋಗುತ್ತಿದ್ದದ್ದು 12 ಯೂನಿಟ್. ಮೊದಲಿನ 20 ನಿಜವಾಗಿ 8. ಪೇಟೆಯ ಅಂಗಡಿಯಲ್ಲಿ ಕೆಂಪು ಮುಗಿದಿತ್ತು, ಮಗ ಕಿತ್ತಳೆಯದನ್ನು ತಂದಿದ್ದ. ಎರಡೂ ಸಿರಿಂಜೇ ಅಲ್ವಾ ಅಂದುಕೊಂಡಿದ್ದ. ನಾವು ವಾರ್ಡಿನಲ್ಲಿ ಕೆಂಪು ಮುಚ್ಚಳದ್ದರಲ್ಲಿ ನಿಜವಾದ 30 ಕೊಟ್ಟೆವು, ಶುಗರ್ ಪಾತಾಳಕ್ಕೆ ಹೋಯಿತು.

ತಪ್ಪು ನನ್ನದೂ ಇದೆ. ಆ ವರ್ಷದಲ್ಲಿ ಎರಡು ಸಲ ಓಪಿಡಿಯಲ್ಲಿ ಅದೇ ಅಜ್ಜನನ್ನು ನೋಡಿದ್ದೆ. "ಸರಿಯಾಗಿ ಹಾಕಿಕೊಳ್ತಿದ್ದೀರಾ?" ಅಂತ ಕೇಳಿದ್ದೆ. "ಹೂಂ ಸಿಸ್ಟರ್" ಅಂದಿದ್ದರು. ಆ ಪ್ರಶ್ನೆಗೆ ಇಲ್ಲ ಅಂದವರನ್ನು ನಾನು ಇವತ್ತಿನವರೆಗೂ ಕಂಡಿಲ್ಲ. ಅವತ್ತಿನಿಂದ ಕೇಳುವುದು ಬಿಟ್ಟೆ. ತೋರಿಸಿ ಅನ್ನುತ್ತೇನೆ. ತೋರಿಸಬೇಕಾದರೆ ಚೀಲ ಬೇಕು.

ಸೊಸೆ ಅಲ್ಲೇ ನಿಂತು ಅತ್ತಳು. ಅಜ್ಜ ಮಾತ್ರ ಮಗನ ಕಡೆ ತಿರುಗಿ, "ನಾನು ಪಾಯಸ ಕದ್ದಿಲ್ಲ ಅಂತ ಈಗಲಾದರೂ ಗೊತ್ತಾಯ್ತಾ?" ಅಂದರು.

ಪಾಯಸ ಅಂದಾಗ ನೆನಪಾಯಿತು. ನಮ್ಮ ಕೊಡಗಿನ ಕಕ್ಕಡ ತಿಂಗಳ ಹದಿನೆಂಟಕ್ಕೆ ಮದ್ದು ಸೊಪ್ಪಿನ ಪಾಯಸ ಮಾಡುತ್ತೀರಿ. ಮದ್ದು ಅಂತ ಹೆಸರಿದ್ದ ಮಾತ್ರಕ್ಕೆ ಅದರೊಳಗಿನ ಬೆಲ್ಲ ಮದ್ದಾಗುವುದಿಲ್ಲ. ಒಂದು ಚಮಚ, ಸಾಕು.

ಸಮಯ ಆಯಿತು ಅನ್ನುತ್ತಿದ್ದಾರೆ. ಕಾಲಿನ ವಿಷಯ, ಇನ್ಸುಲಿನ್ ಇಡುವ ವಿಷಯ ಹೇಳಬೇಕು ಅಂತ ಬರೆದುಕೊಂಡು ಬಂದಿದ್ದೆ. ಬೇಗ ಬೇಗ ಹೇಳುತ್ತೇನೆ. ಶುಗರ್ ಹಳೆಯದಾದರೆ ಪಾದ ಮರಗಟ್ಟಬಹುದು. ಮಳೆಗಾಲದಲ್ಲಿ ಒಲೆ ಮುಂದೆ ಕಾಲು ಚಾಚಿ ಕಾಯಿಸಬೇಡಿ, ಸುಟ್ಟರೂ ಗೊತ್ತಾಗುವುದಿಲ್ಲ. ಗಂಬೂಟು ಕೊಡವಿ ಹಾಕಿಕೊಳ್ಳಿ, ಸಂಜೆ ಅಂಗಾಲು ನೋಡಿಕೊಳ್ಳಿ. ಜಿಗಣೆ ಕಚ್ಚಿದ್ದೂ ತಿಳಿಯದವರನ್ನು ನೋಡಿದ್ದೇನೆ. ಕರೆಂಟ್ ಹೋಯಿತು, ಫ್ರಿಜ್ ನಿಂತಿತು ಅಂತ ಇನ್ಸುಲಿನ್ ಎಸೆಯಬೇಡಿ. ಶುರು ಮಾಡಿದ ಬಾಟಲಿ ನಮ್ಮ ತಂಪಿಗೆ ನಾಲ್ಕು ವಾರ ಹೊರಗೇ ಇರುತ್ತದೆ. ಒಲೆ ಹತ್ತಿರ ಬೇಡ, ಫ್ರೀಜರಿನಲ್ಲಿ ಬೇಡವೇ ಬೇಡ. ಕಾಫಿ ಕುಯ್ಯಲು ಹೋಗುವವರು ಜೇಬಿನಲ್ಲಿ ಬೆಲ್ಲದ ತುಂಡು ಇಟ್ಟುಕೊಳ್ಳಿ, ಊಟ ತಡವಾಗಿ ಬೆವರು, ನಡುಕ ಬಂದರೆ ಬಾಯಿಗೆ ಹಾಕಿಕೊಳ್ಳಿ.

ಮತ್ತೆ, ಚೀಲ. ಬಿಪಿ ಮಾತ್ರೆ, ಮಂಡಿ ನೋವಿನದ್ದು, ನಾಟಿ ಮದ್ದು, ಪಕ್ಕದ ಮನೆಯವರು ಒಳ್ಳೆಯದು ಅಂತ ಕೊಟ್ಟದ್ದು, ಎಲ್ಲ ಅದರಲ್ಲೇ ಇರಲಿ. ನಾಚಿಕೆ ಬೇಡ, ನಾನು ಬೈಯುವುದಿಲ್ಲ. ಸ್ವಲ್ಪ ಬೈಯುತ್ತೇನೆ.

ಆ ಅಜ್ಜ ಈಗಲೂ ಬರುತ್ತಾರೆ. ಮೊನ್ನೆ ಬಂದವರು ಕೇಳುವ ಮುಂಚೆಯೇ ಚೀಲವನ್ನು ನನ್ನ ಮೇಜಿನ ಮೇಲೆ ಬೋರಲು ಹಾಕಿದರು. ಇನ್ಸುಲಿನ್, ಕೆಂಪು ಮುಚ್ಚಳದ ಸಿರಿಂಜು, ಕಣ್ಣಿಗೆ ಬಿಡುವ ಹನಿ, ಹಲ್ಲುಸೆಟ್ಟು, ಕೋವಿಗೆ ಲೈಸೆನ್ಸ್ ಬೇಡ ಅನ್ನುವ ವಿನಾಯಿತಿ ಪತ್ರ. ಪತ್ರವನ್ನು ಮಡಿಚಿ ಅವರ ಕೋಟಿನ ಜೇಬಿಗೆ ಹಾಕಿ ಕಳಿಸಿದೆ. ನಮಸ್ಕಾರ.