ಟೋಟಿಲಾಸ್: ಅರವತ್ತು ಕೋಟಿ ಕೊಟ್ಟು ಕೊಂಡಿದ್ದಾದ್ರೂ ಏನನ್ನ?

[ತೆರೆಯ ಮೇಲೆ: ಕಪ್ಪು ಕುದುರೆ, ಸ್ಲೋ ಮೋಷನ್]

ಮುಂಗಾಲು ನೋಡಿ. ಮುಂಗಾಲು ಮಾತ್ರ. ಮೊಣಕಾಲು ಎದೆ ಮಟ್ಟಕ್ಕೆ ಬಂತಾ? ಈಗ ಅಲ್ಲಿಂದ ಗೊರಸು ಸೀದಾ ಮುಂದಕ್ಕೆ ಹೋಯ್ತು. ನೆಲ ಮುಟ್ಟೋಕೆ ಏನೂ ಅವಸರ ಇಲ್ಲ. ಯಕ್ಷಗಾನದಲ್ಲಿ ದೊಡ್ಡ ವೇಷ ರಂಗಸ್ಥಳಕ್ಕೆ ಬರುತ್ತಲ್ಲ, ಭಾಗವತರು ಕಾಯ್ಲಿ, ಚೆಂಡೆ ಕಾಯ್ಲಿ, ನಾನು ಬಂದಾಗ ಬರ್ತೀನಿ ಅಂತ, ಅದೇ ಠೀವಿ.

ನಮಸ್ಕಾರ. ಇವನ ಹೆಸರು ಟೋಟಿಲಾಸ್. 2023ರ ಏಷ್ಯನ್ ಗೇಮ್ಸ್‌ನಲ್ಲಿ ಭಾರತದ ಡ್ರೆಸಾಜ್ ತಂಡ ಚಿನ್ನ ಗೆದ್ದಾಗ ಒಂದು ವಿಡಿಯೋ ಮಾಡಿದ್ವಿ. ಅವತ್ತಿಂದ ಕುಣಿಗಲ್ ಕಡೆಯ ವೀಕ್ಷಕರೊಬ್ಬರು ಬಿಡದೆ ಕೇಳ್ತಿದ್ದಾರೆ: "ಸಾರ್, ರೇಸೂ ಓಡಲ್ಲ, ಗಾಡೀನೂ ಎಳೆಯಲ್ಲ, ಕುಣಿಯೋ ಕುದುರೆಗೆ ಅಷ್ಟು ದುಡ್ಡು ಯಾಕ್ ಸಾರ್?"

ಒಳ್ಳೆ ಪ್ರಶ್ನೆ. ಉತ್ತರ ಒಂದು ಬಾಟಲಿಯಲ್ಲಿದೆ. ಬರ್ತೀನಿ.

ಬೇಸಿಕ್ಸ್ ಬೇಗ ಮುಗಿಸೋಣ. ಡ್ರೆಸಾಜ್ ಅಂದ್ರೆ ಸವಾರ ಕೈ ಕಾಲು ಆಡಿಸಿದ್ದೇ ಕಾಣದ ಹಾಗೆ ಕುದುರೆ ಹೇಳಿದ್ದನ್ನ ಮಾಡಬೇಕು. ಒಂದೊಂದು ಚಲನೆಗೂ ಹತ್ತಕ್ಕೆ ಇಷ್ಟು ಅಂಕ, ಕೊನೆಗೆ ಶೇಕಡಾ ಲೆಕ್ಕ. ಟೋಟಿಲಾಸ್ ವಾರ್ಮ್‌ಬ್ಲಡ್ ಕುದುರೆ. ವಾರ್ಮ್‌ಬ್ಲಡ್ ಅಂದ್ರೆ ರಕ್ತ ಬಿಸಿ ಅಂತಲ್ಲ. ಅರಬ್ಬೀ, ಥರೋಬ್ರೆಡ್ ಥರದ ಚುರುಕು ತಳಿ ಒಂದು ಕಡೆ, ಗಾಡಿ ಎಳೆಯೋ ಭಾರೀ ತಳಿ ಇನ್ನೊಂದು ಕಡೆ, ಇವು ನಡುವಿನವು. ಯುರೋಪಿನವರು ಕ್ರೀಡೆಗೆ ಅಂತಲೇ ಬೆಳೆಸಿದ್ದು.

ಟೋಟಿಲಾಸ್ ಹುಟ್ಟಿದ್ದು 2000ದಲ್ಲಿ, ನೆದರ್‌ಲ್ಯಾಂಡ್ಸ್‌ನ ಫ್ರೀಸ್‌ಲ್ಯಾಂಡ್‌ನಲ್ಲಿ. ಅಪ್ಪ ಗ್ರಿಬಾಲ್ಡಿ, ಅಮ್ಮ ಲೊಮಿಂಕಾ. ಡಚ್ಚರಲ್ಲಿ ಒಂದು ಮಜಾ ಇದೆ, ನಮ್ಮ ಆರ್‌ಟಿಓ ಸೀರೀಸ್ ಥರ. ವರ್ಷಕ್ಕೊಂದು ಅಕ್ಷರ, ಆ ವರ್ಷದ ಮರಿಗಳಿಗೆಲ್ಲ ಅದೇ ಅಕ್ಷರದಿಂದ ಹೆಸರು. 2000ಕ್ಕೆ 'ಟಿ' ಬಂತು, ಟೋಟಿಲಾಸ್. 2002ಕ್ಕೆ 'ವಿ'. ಈ 'ವಿ' ನೆನಪಿಟ್ಕೊಳ್ಳಿ.

ಸವಾರ ಎಡ್ವರ್ಡ್ ಗಾಲ್. 2009ರಲ್ಲಿ ಇಂಗ್ಲೆಂಡಿನ ವಿಂಡ್ಸರ್‌ನಲ್ಲಿ ಯುರೋಪಿಯನ್ ಚಾಂಪಿಯನ್‌ಶಿಪ್. ಸಂಗೀತಕ್ಕೆ ಹೆಜ್ಜೆ ಹಾಕೋ ಫ್ರೀಸ್ಟೈಲ್‌ನಲ್ಲಿ ಅಲ್ಲೀವರೆಗೆ ಯಾರೂ ತೊಂಬತ್ತು ದಾಟಿರಲಿಲ್ಲ. ಇವರಿಗೆ 90.75. ಅದೇ ಡಿಸೆಂಬರ್‌ನಲ್ಲಿ ಲಂಡನ್ನಿನ ಒಲಿಂಪಿಯಾದಲ್ಲಿ 92.30. ಮುಂದಿನ ವರ್ಷ ಅಮೆರಿಕದ ಕೆಂಟಕಿಯಲ್ಲಿ ಕುದುರೆ ಸವಾರಿಯ ವಿಶ್ವ ಕೂಟ, ಡ್ರೆಸಾಜ್‌ಗೆ ಇದ್ದ ಮೂರೂ ಚಿನ್ನ ಇವರಿಗೇ. ಒಂದೇ ಕೂಟದಲ್ಲಿ ಹಾಗೆ ಬಾಚಿಕೊಂಡ ಮೊದಲ ಜೋಡಿ ಇದು.

ಎಲ್ಲರೂ ಜೈ ಅಂದ್ರಾ? ಇಲ್ಲ. ಈ ಫ್ರೇಮ್ ನಿಲ್ಲಿಸ್ತೀನಿ.

[ತೆರೆಯ ಮೇಲೆ: ಮುಂಗಾಲು, ಹಿಂಗಾಲಿನ ಮೇಲೆ ಎರಡು ಕೆಂಪು ಗೆರೆ]

ಟ್ರಾಟ್‌ನಲ್ಲಿ, ಅಂದ್ರೆ ನಡಿಗೆಗೂ ಓಟಕ್ಕೂ ನಡುವಿನ ಹೆಜ್ಜೆಯಲ್ಲಿ, ಕಾಲು ಚಾಚಿದಾಗ ಈ ಎರಡು ಗೆರೆ ಹೆಚ್ಚುಕಮ್ಮಿ ಸಮಾನಾಂತರ ಇರಬೇಕು ಅನ್ನೋದು ಹಳೇ ಶಾಸ್ತ್ರ. ಇವನದು ಮುಂಗಾಲು ಆಕಾಶಕ್ಕೆ, ಹಿಂಗಾಲು ತನ್ನ ಪಾಡಿಗೆ. "ಇದು ಡ್ರೆಸಾಜ್ ಅಲ್ಲ, ಸರ್ಕಸ್" ಅಂದವರಿದ್ರು. ನನಗೆ ಅವರ ಮಾತು ಪೂರ್ತಿ ತಪ್ಪು ಅನ್ಸಲ್ಲ. ಆದ್ರೂ ಈ ಕ್ಲಿಪ್ ನಾನು ಎಷ್ಟು ಸಲ ನೋಡಿದೀನಿ ಅಂತ ಕೇಳಬೇಡಿ.

2010ರ ಅಕ್ಟೋಬರ್. ಕೆಂಟಕಿ ಮುಗಿದ ಬೆನ್ನಿಗೇ ಜರ್ಮನಿಯ ಕುದುರೆ ಸಾಕಣೆದಾರ ಪಾಲ್ ಶೊಕೆಮ್ಯೋಲೆ ಇವನನ್ನ ಕೊಂಡ್ರು. ಬೆಲೆ ಅಧಿಕೃತವಾಗಿ ಹೊರಗೆ ಬರಲಿಲ್ಲ. ಪತ್ರಿಕೆಗಳು ಒಂದು ಕೋಟಿ ಯೂರೋ ಆಸುಪಾಸು ಅಂತ ಬರೆದವು. ಅವತ್ತಿನ ಲೆಕ್ಕದಲ್ಲಿ ಅರವತ್ತು ಕೋಟಿ ರೂಪಾಯಿ ಚಿಲ್ಲರೆ. ಗಾಲ್ ನೆದರ್‌ಲ್ಯಾಂಡ್ಸ್‌ನಲ್ಲೇ ಉಳಿದ್ರು. ಜೀನು ಏರಿದ್ದು ಜರ್ಮನಿಯ ಮಥಿಯಾಸ್ ರಾತ್.

ಈಗ ಬಾಟಲಿಗೆ ಬಂದೆ. ಮಕ್ಕಳು ಪಕ್ಕದಲ್ಲಿದ್ರೆ... ಇರಲಿ ಬಿಡಿ, ಹಸು ಸಾಕಿದ ಮನೆಯ ಮಕ್ಕಳಿಗೆ ಇದೆಲ್ಲ ಗೊತ್ತು.

ಊರಲ್ಲಿ ಹಸು ಬೆದೆಗೆ ಬಂದ್ರೆ ಏನ್ ಮಾಡ್ತೀವಿ? ಡಾಕ್ಟ್ರಿಗೆ ಫೋನು. ಬೈಕಿನ ಹಿಂದೆ ಹೊಗೆಯಾಡೋ ಕ್ಯಾನು, ಅದರೊಳಗೆ ದ್ರವ ಸಾರಜನಕ, ಅದರೊಳಗೆ ವೀರ್ಯದ ಕಡ್ಡಿ. ಹೋರಿ ಎಲ್ಲಿದ್ಯೋ, ಹಸು ಎಲ್ಲಿದ್ಯೋ. ವಾರ್ಮ್‌ಬ್ಲಡ್ ಕುದುರೆಗಳದ್ದೂ ಇದೇ ಕಥೆ. ಮೆತ್ತೆ ಸುತ್ತಿದ ಒಂದು ಡಮ್ಮಿ. ಅಲ್ಲೇ ಪಕ್ಕದಲ್ಲಿ, ಆಸೆ ಹುಟ್ಟಿಸೋಕೆ, ಬೆದೆಗೆ ಬಂದ ಒಂದು ಹೆಣ್ಣುಕುದುರೆ. ವಿಶ್ವ ಚಾಂಪಿಯನ್ ಬಂದು ಡಮ್ಮಿ ಏರ್ತಾನೆ. ಕೆಳಗೆ ಒಬ್ಬರು ಬಿಸಿನೀರು ತುಂಬಿದ ಕೊಳವೆ, ಅದರ ತುದಿಗೆ ನಮ್ಮ ಬಾಟಲಿ, ಹಿಡ್ಕೊಂಡು ನಿಂತಿರ್ತಾರೆ. ಕೆಂಟಕಿಯ ಮೂರು ಚಿನ್ನ, ಒಲಿಂಪಿಯಾದ ಚಪ್ಪಾಳೆ, ಎಲ್ಲದರ ಬಂಡವಾಳ ಅಲ್ಲಿ ಅವರ ಕೈಯಲ್ಲಿ.

ಒಂದು ಸಲಕ್ಕೆ ಸಿಗೋದು ಎಷ್ಟು? ಒಂದು ಸಣ್ಣ ಟೀ ಲೋಟದಷ್ಟು. ಆದ್ರೆ ಅದರಲ್ಲಿ ನೂರಾರು ಕೋಟಿ ವೀರ್ಯಾಣು. ಒಂದು ಹೆಣ್ಣುಕುದುರೆಗೆ ಚುರುಕಾದವು ಐವತ್ತು ಕೋಟಿ ಸಾಕು. ಅಂದ್ರೆ ಒಂದು ಲೋಟಕ್ಕೆ ಹತ್ತು ಕುದುರೆ ಅಂತ ಇಟ್ಕೊಳ್ಳಿ. ಇನ್ನು ನನ್ನ ಫೇವರಿಟ್ ಭಾಗ. ಅದನ್ನ ಹಿಗ್ಗಿಸೋಕೆ ಬೆರೆಸೋದು ಏನು ಗೊತ್ತಾ? ಹಾಲಿನ ಪುಡಿ! ಕೆನೆ ತೆಗೆದ ಹಾಲಿನ ಪುಡಿ, ಗ್ಲೂಕೋಸ್, ಒಂದಿಷ್ಟು ಆಂಟಿಬಯೋಟಿಕ್. ಇದು ತಿಳಿದ ದಿನ ನಾನು ಟೀ ಕುಡೀಲಿಲ್ಲ. ಆಮೇಲೆ ಮೆಲ್ಲಗೆ ಐದು ಡಿಗ್ರಿಗೆ ತಣಿಸಿ ಪೆಟ್ಟಿಗೆಗೆ ಹಾಕಿದ್ರೆ ಒಂದೆರಡು ದಿನದೊಳಗೆ ಬೇರೆ ದೇಶದ ಲಾಯಕ್ಕೆ ಕೊರಿಯರ್. ಮೈನಸ್ 196 ಡಿಗ್ರಿಯಲ್ಲಿ ಹೆಪ್ಪುಗಟ್ಟಿಸಿದ್ರೆ ಕುದುರೆ ಸತ್ತ ಮೇಲೂ ವ್ಯಾಪಾರ.

ಲೆಕ್ಕ ಹಾಕೋಣ. ಒಂದು ಹೆಣ್ಣುಕುದುರೆಗೆ ಟೋಟಿಲಾಸ್‌ನ ವೀರ್ಯದ ಶುಲ್ಕ ಆರಂಭದಲ್ಲಿ 8,000 ಯೂರೋ, ಸುಮಾರು ಐದು ಲಕ್ಷ ರೂಪಾಯಿ. ಒಂದು ಕೋಟಿ ಯೂರೋ ವಾಪಸ್ ಬರೋಕೆ 1,250 ಹೆಣ್ಣುಕುದುರೆ. ಕಾಗದದ ಮೇಲೆ, 125 ಲೋಟ. ನಿಜದಲ್ಲಿ ಎಲ್ಲವೂ ಒಂದೇ ಸಲಕ್ಕೆ ಗಬ್ಬ ಕಟ್ಟಲ್ಲ, ಮೇವು, ಆಳು, ವಿಮೆ ಖರ್ಚು ಬೇರೆ. ಆದ್ರೂ ಅರವತ್ತು ಕೋಟಿ ಹುಚ್ಚುತನ ಅಲ್ಲ ಅಂತ ಈಗ ಗೊತ್ತಾಯ್ತಲ್ಲ?

ಕುಣಿಗಲ್‌ನವರೇ, ನಿಮಗೊಂದು ವಿಶೇಷ. ನಿಮ್ಮೂರ ಕುದುರೆ ಫಾರಂನಲ್ಲಿ ಈ ಆಟ ನಡೆಯಲ್ಲ. ಅಲ್ಲಿರೋದು ರೇಸಿನ ಥರೋಬ್ರೆಡ್. ಅವುಗಳಿಗೆ ಕೃತಕ ಗರ್ಭಧಾರಣೆ ಜಗತ್ತಿನಲ್ಲೆಲ್ಲೂ ಒಪ್ಪಲ್ಲ. ಗಂಡು ಹೆಣ್ಣು ಎದುರಾಬದುರು ಸೇರಿ ಹುಟ್ಟಿದ ಮರಿಗೆ ಮಾತ್ರ ವಂಶಾವಳಿಯಲ್ಲಿ ಜಾಗ, ರೇಸಿನಲ್ಲಿ ಜಾಗ.

[ಪ್ರೊಡ್ಯೂಸರ್ ಗಡಿಯಾರ ತೋರಿಸ್ತಾರೆ]

ಆಯ್ತಮ್ಮ, ಹಾಲಿನ ಪುಡಿಗೇ ಟೈಮೆಲ್ಲ ಹೋಯ್ತು. ಉಳಿದದ್ದು ಓಡಿಸ್ತೀನಿ.

ಜರ್ಮನಿಯಲ್ಲಿ ಕುಣಿತ ಹಳೇ ಹಾದಿಗೆ ಬರಲೇ ಇಲ್ಲ. 2011ರ ಯುರೋಪಿಯನ್ ಚಾಂಪಿಯನ್‌ಶಿಪ್‌ನಲ್ಲಿ ಜರ್ಮನಿ ತಂಡಕ್ಕೆ ಬೆಳ್ಳಿ. 2012ರ ಲಂಡನ್ ಒಲಿಂಪಿಕ್ಸ್ ತಪ್ಪಿತು, ಕಾಯಿಲೆ ಬಿದ್ದಿದ್ದು ಕುದುರೆ ಅಲ್ಲ, ಸವಾರ: ಗ್ರಂಥಿ ಜ್ವರ. 2015ರಲ್ಲಿ ಆಖನ್‌ನಲ್ಲಿ ಮತ್ತೆ ಕಣಕ್ಕಿಳಿದಾಗ ಹೆಜ್ಜೆ ಸಮ ಬೀಳ್ತಿಲ್ಲ ಅಂತ ಗ್ಯಾಲರಿಯಲ್ಲಿ ಕೂತವರಿಗೂ ಕಂಡಿತು. ಸ್ಕ್ಯಾನ್ ಮಾಡಿದ್ರೆ ಎಡ ಹಿಂಗಾಲಿನ ಮೂಳೆಯಲ್ಲಿ ಊತ. ಅಂಥ ಕಾಲಲ್ಲಿ ಅವನನ್ನ ಕಣಕ್ಕೆ ಬಿಟ್ಟಿದ್ದೇ ತಪ್ಪು ಅಂತ ನನ್ನ ಅಭಿಪ್ರಾಯ. ಅಲ್ಲಿಗೆ ನಿವೃತ್ತಿ. 2020ರ ಡಿಸೆಂಬರ್‌ನಲ್ಲಿ ಹೊಟ್ಟೆಶೂಲೆಗೆ ತೀರಿಕೊಂಡ. ವಯಸ್ಸು ಇಪ್ಪತ್ತು.

'ವಿ' ನೆನಪಿದ್ಯಾ? 2002ರಲ್ಲಿ ಹುಟ್ಟಿದ ವಲೆಗ್ರೊ. ಶಾರ್ಲೆಟ್ ದುಜಾರ್ಡಿನ್ ಇವನ ಸವಾರೆ. ಟೋಟಿಲಾಸ್‌ನ 92.30 ಮುರಿದಿದ್ದು ಇವರೇ, 2013ರಲ್ಲಿ, ಅದೇ ಒಲಿಂಪಿಯಾದಲ್ಲಿ. ಮರುವರ್ಷ ಅದನ್ನ 94.3ಕ್ಕೆ ಏರಿಸಿದ್ರು. ಆ ವಲೆಗ್ರೊ ಬೀಜ ಒಡೆಸಿದ ಕುದುರೆ! ದಾಖಲೆ ಇದೆ, ಒಲಿಂಪಿಕ್ ಚಿನ್ನ ಇದೆ, ಬಾಟಲಿ ಮಾತ್ರ ಖಾಲಿ.

ಹಾಗಾದ್ರೆ ಟೋಟಿಲಾಸ್‌ನ ಬಾಟಲಿಯಿಂದ ಏನು ಬಂತು? ಅಪ್ಪನ ಥರ ಜಗತ್ತನ್ನ ಬಾಯಿ ಮುಚ್ಚಿಸಿದ ಮಗ ಇನ್ನೂ ಬಂದಿಲ್ಲ. ಆದ್ರೆ ಟೋಟಲ್ ಯು.ಎಸ್. ಅಂತ ಒಬ್ಬ ಇದ್ದಾನೆ. ಅಪ್ಪ ತೀರಿಕೊಂಡ ಏಳೆಂಟು ತಿಂಗಳಿಗೆ, 2021ರ ಬೇಸಿಗೆಯಲ್ಲಿ, ಅಪ್ಪ ಒಮ್ಮೆಯೂ ಕಾಲಿಡದ ಒಲಿಂಪಿಕ್ ಅಂಗಳಕ್ಕೆ ಟೋಕಿಯೋದಲ್ಲಿ ಇವನು ಇಳಿದ. ಬೆನ್ನ ಮೇಲಿದ್ದ ಸವಾರ ಎಡ್ವರ್ಡ್ ಗಾಲ್.