ಡುಪ್ಲಿಕೇಟ್ ಚಾವಿ ತಿರುಗದಿದ್ದರೆ ಯಂತ್ರವನ್ನು ಬೈಯಬೇಡಿ

ನಮಸ್ಕಾರ. ಡೊಂಬಿವಲಿ, ಚೆಂಬೂರು, ಮುಲುಂಡ್, ಎಲ್ಲೇ ಕೂತು ಕೇಳುತ್ತಿರುವ ನಮ್ಮ ಕನ್ನಡದವರಿಗೆಲ್ಲ ಒಂದು ಮಾತು. ಮಾಡಿಸಿಕೊಂಡು ಬಂದ ಡುಪ್ಲಿಕೇಟ್ ಚಾವಿ ತಿರುಗಲಿಲ್ಲ ಅಂತ ಯಂತ್ರವನ್ನು ಬೈಯಬೇಡಿ. ಎಷ್ಟೋ ಸಲ ಆ ಚಾವಿ ಕೆಡುವುದು ಮೋಟರ್ ಶುರುವಾಗುವ ಮೊದಲೇ.

ಮುಂಬಯಿಯಲ್ಲಿ ಒಂದು ಮನೆಗೆ ಎಷ್ಟು ಚಾವಿ ಬೇಕು ನೋಡಿ. ಗಂಡ ಹೆಂಡತಿ ಇಬ್ಬರೂ ಬೆಳಿಗ್ಗೆ ಲೋಕಲ್ ಹಿಡಿಯುವವರು, ತಲಾ ಒಂದು. ಕಾಲೇಜಿನ ಮಗನಿಗೆ ಒಂದು. ಕೆಲಸದ ಬಾಯಿಗೆ ಒಂದು. ಊರಿಂದ ಅತ್ತೆ ಬಂದರೆ ಅವರಿಗೂ ಒಂದು. ಬೀಗದ ಜತೆ ಬಂದದ್ದು ಎರಡೋ ಮೂರೋ. ಹಾಗಾಗಿ ಸ್ಟೇಷನ್ ಹೊರಗಿನ ಚಾವಿವಾಲಾ ಹತ್ತಿರ ಓಡುತ್ತೇವೆ. ಹೋಗಿ ನಿಂತವರೇ, "ಭೈಯಾ, ಜಲ್ದಿ!"

ನನ್ನ ತಕರಾರು ಈ ಜಲ್ದಿಯ ಮೇಲೆ.

ಯಂತ್ರದ ಕೆಲಸ ಬಹಳ ಸರಳ. ಪಕ್ಕಪಕ್ಕದಲ್ಲಿ ಚಾವಿ ಬಿಗಿಯುವ ಎರಡು ಹಿಡಿಕೆ. ಒಂದರಲ್ಲಿ ನಿಮ್ಮ ಚಾವಿ, ಇನ್ನೊಂದರಲ್ಲಿ ಹಲ್ಲು ಕಡಿಯದ ಖಾಲಿ ಚಾವಿ. ನಿಮ್ಮ ಚಾವಿಯ ಹಲ್ಲಿನ ಮೇಲೆ ಒಂದು ಉಕ್ಕಿನ ಮೂತಿ ಸವರುತ್ತಾ ಹೋಗುತ್ತದೆ, ಅದರ ಜತೆಗೇ ಪಕ್ಕದ ಕಟರ್ ಖಾಲಿ ಚಾವಿಯನ್ನು ಕಡಿಯುತ್ತದೆ. ಅಷ್ಟೇ. ಯಂತ್ರಕ್ಕೆ ಸ್ವಂತ ಬುದ್ಧಿ ಇಲ್ಲ. ಚಾವಿ ಸೊಟ್ಟ ಕೂತರೆ ಸೊಟ್ಟಗೇ ಕಡಿಯುತ್ತದೆ.

ಚಾವಿಯಲ್ಲಿ ನಾವು ಬೆರಳಿಂದ ಹಿಡಿಯುವ ಭಾಗದ ಕೆಳಗೆ, ಬೀಗದ ಮುಖಕ್ಕೆ ತಾಗಿ ಚಾವಿ ನಿಲ್ಲುವ ಅಂಚು ಒಂದು ಇರುತ್ತದಲ್ಲ, ಅದು ಎರಡೂ ಚಾವಿಯಲ್ಲಿ ಒಂದೇ ಜಾಗಕ್ಕೆ ಬರಬೇಕು. ಅದಕ್ಕೆಂದೇ ಯಂತ್ರದಲ್ಲಿ ಗೇಜ್ ಇದೆ. ಆತುರದಲ್ಲಿ ಅದನ್ನು ಬಿಟ್ಟು ಕಣ್ಣಂದಾಜಿನಲ್ಲಿ ಬಿಗಿಯುತ್ತಾರೆ. ನಾವೇ ಮೇಲೆ ನಿಂತು ಅವಸರ ಮಾಡುತ್ತಿದ್ದರೆ ಅವರಾದರೂ ಏನು ಮಾಡಿಯಾರು? ಚಾವಿಯ ಹಲ್ಲು ಎತ್ತುವ, ಬೀಗದೊಳಗಿನ ಸಣ್ಣ ಪಿನ್‌ಗಳ ಲೆಕ್ಕ ಮಾತ್ರ ಭಾರೀ ಬಿಗಿ. ಹಲವು ಬೀಗಗಳಲ್ಲಿ ಹಲ್ಲಿನ ಒಂದು ಆಳಕ್ಕೂ ಮುಂದಿನದಕ್ಕೂ ಅರ್ಧ ಮಿಲಿಮೀಟರ್ ಆಸುಪಾಸು ವ್ಯತ್ಯಾಸ. ಇನ್ನು ಖಾಲಿ ಚಾವಿಯ ಉದ್ದದ ಗೆರೆಗಳು ಹೊಂದದಿದ್ದರೆ ಅದು ಬೀಗದೊಳಗೆ ಹೋಗುವುದೇ ಇಲ್ಲ.

ಒಳ್ಳೆ ಕೆಲಸಗಾರರನ್ನು ಗುರುತಿಸಲು ನಾನು ನೋಡುವುದು ಇದು. ಮೋಟರ್ ಆಫ್ ಇರುವಾಗ ಒಂದೇ ಥರದ ಎರಡು ಖಾಲಿ ಚಾವಿ ಬಿಗಿಯುತ್ತಾರೆ. ಮೂತಿಯನ್ನು ಒಂದಕ್ಕೆ ತಾಗಿಸಿ, ಕಟರನ್ನು ಬೆರಳಲ್ಲೇ ಮೆಲ್ಲಗೆ ತಿರುಗಿಸುತ್ತಾರೆ. ಅದು ಇನ್ನೊಂದು ಚಾವಿಯನ್ನು ಸವರಿದರೆ ಸರಿ. ಕಚ್ಚಿದರೆ ಮಾಡುವ ಪ್ರತಿ ಚಾವಿಯೂ ಆಳ ಜಾಸ್ತಿ, ತಾಗದೇ ಹೋದರೆ ಆಳ ಕಡಿಮೆ. ಆಗ ಮೂತಿಯ ಸ್ಕ್ರೂ ತಿರುಗಿಸಿ ಹೊಂದಿಸುತ್ತಾರೆ. ಇಷ್ಟು ಮಾಡುವವರ ಮುಂದೆ ನಾನು ಒಂದು ಲೋಕಲ್ ಬಿಟ್ಟುಕೊಟ್ಟು ನಿಲ್ಲುತ್ತೇನೆ.

ಈಗ ನಮ್ಮ ತಪ್ಪು. ಸವೆದ ಚಾವಿಯನ್ನೋ, ಡುಪ್ಲಿಕೇಟಿನ ಡುಪ್ಲಿಕೇಟನ್ನೋ ಕೊಟ್ಟು ಮೂಲದಂಥದ್ದು ಬೇಕು ಅನ್ನುತ್ತೇವೆ. ಯಂತ್ರ ಸವೆತವನ್ನೂ ಸೇರಿಸಿ ನಕಲು ಮಾಡುತ್ತದೆ, ಅದರ ಮೇಲೆ ತನ್ನದೂ ಚೂರು ತಪ್ಪು ಸೇರಿಸುತ್ತದೆ. ಬೀಗದ ಜತೆ ಬಂದ ಚಾವಿಗಳಲ್ಲಿ ಒಂದನ್ನು ಬಳಸದೆ ಕಪಾಟಿನಲ್ಲಿಡಿ. ನಕಲು ಬೇಕಾದಾಗ ಅದನ್ನೇ ಒಯ್ಯಿರಿ. ಈಚಿನ ಕಾರಿನ ಚಾವಿ ಆದರೆ ಲೆಕ್ಕ ಬೇರೆ. ಮೂಲ ಚಾವಿಯೊಳಗೆ ಚಿಪ್ ಇದ್ದರೆ, ನಕಲಿನಲ್ಲೂ ಕಾರಿಗೆ ಹೊಂದಿಸಿದ ಚಿಪ್ ಇಲ್ಲದೆ ಹಲ್ಲು ಎಷ್ಟೇ ಚೆನ್ನಾಗಿ ಕಡಿದರೂ ಎಂಜಿನ್ ಶುರುವಾಗುವುದಿಲ್ಲ.

ಹಿತ್ತಾಳೆ ಚೂರು ಕಣ್ಣಿಗೆ ಹಾರಿದರೆ ಆಟವಲ್ಲ. ಕನ್ನಡಕ ಹಾಕದೆ ಚಾವಿ ಕಡಿಯುವವರನ್ನು ನೋಡಿದರೆ ನನಗೇ ಕಣ್ಣು ಉರಿಯುತ್ತದೆ. ಆದರೆ ಗ್ಲೌಸ್ ಬೇಡ. ತಿರುಗುವ ಕಟರಿಗೆ ಅದರ ಅಂಚು ಸಿಕ್ಕಿದರೆ ಬೆರಳನ್ನೂ ಎಳೆದುಕೊಳ್ಳುತ್ತದೆ. ಸಡಿಲ ತೋಳು, ಕೊರಳಲ್ಲಿ ನೇತಾಡುವ ಐಡಿ ಕಾರ್ಡ್, ಇವುಗಳ ಕಥೆಯೂ ಅದೇ. ಬಗ್ಗಿ ನೋಡುವ ಮಕ್ಕಳನ್ನು ಹಿಂದಕ್ಕೆ ಎಳೆದುಕೊಳ್ಳುವ ಕೆಲಸ ನಮ್ಮದು. ಕಡಿದಾದ ಮೇಲೆ ಅಂಚಿನಲ್ಲಿ ಉಳಿಯುವ ಸಣ್ಣ ಮುಳ್ಳುಗಳನ್ನು ಬ್ರಷ್ ಚಕ್ರಕ್ಕೆ ಹಿಡಿದು ತೆಗೆಯಬೇಕು. ಜಾಸ್ತಿ ಹೊತ್ತು ಹಿಡಿದರೆ ಹಲ್ಲೇ ಸವೆಯುತ್ತದೆ. ಮಳೆಗಾಲದಲ್ಲಿ ಬೀಗ ಗಟ್ಟಿಯಾಯಿತು ಅಂತ ತೆಂಗಿನೆಣ್ಣೆ ಬಿಡುವವರಿದ್ದಾರೆ, ನಮ್ಮ ಮಂಗಳೂರು ಕಡೆಯವರಂತೂ ಕೇಳುವುದೇ ಬೇಡ. ಅದು ಧೂಳು ಕೂಡಿಸಿಕೊಂಡು ಅಂಟಾಗುತ್ತದೆ. ಗ್ರಾಫೈಟ್ ಪುಡಿ ಹಾಕಿ.

ಇನ್ನೊಂದು ವಿಷಯ. ಹೊಸ ಫ್ಲ್ಯಾಟ್ ಸಿಕ್ಕ ಖುಷಿಗೆ ಚಾವಿಯ ಫೋಟೋ ವಾಟ್ಸಾಪ್ ಸ್ಟೇಟಸ್‌ಗೆ ಹಾಕುತ್ತೇವೆ, ಅಲ್ವಾ? ನಕಲು ಮಾಡಲು ಚಾವಿ ಕೈಯಲ್ಲೇ ಇರಬೇಕೆಂದಿಲ್ಲ. 2008ರಲ್ಲಿ ಅಮೆರಿಕದ ಸ್ಯಾನ್ ಡಿಯಾಗೋದ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಸಂಶೋಧಕರು ಮಾಳಿಗೆ ಮೇಲಿಂದ, ಸುಮಾರು 60 ಮೀಟರ್ ದೂರದ ಚಾವಿಯ ಫೋಟೋ ತೆಗೆದು, ಕಂಪ್ಯೂಟರಿನಲ್ಲಿ ಹಲ್ಲಿನ ಆಳಗಳನ್ನು ಓದಿ ತೋರಿಸಿದರು. ನಮ್ಮ ಸ್ಟೇಟಸ್ ಅಂತೂ ಹತ್ತಿರದಿಂದ ತೆಗೆದದ್ದು, ಕೆಳಗೆ ಬಿಲ್ಡಿಂಗಿನ ಹೆಸರು ಬೇರೆ.

ಹೊಸ ಚಾವಿ ಮನೆಗೆ ಬಂದಾಗ ಬಾಗಿಲು ತೆರೆದಿಟ್ಟೇ ತಿರುಗಿಸಿ ನೋಡಿ. ಸಿಕ್ಕಿಕೊಂಡರೂ ನೀವು ಹೊರಗೆ ಉಳಿಯುವುದಿಲ್ಲ. ಬಿಗಿ ಅನ್ನಿಸಿದರೆ ಅರ ಹಿಡಿದು ಉಜ್ಜಲು ಹೋಗಬೇಡಿ, ಬಲ ಹಾಕಿ ತಿರುಗಿಸಲೂ ಬೇಡಿ. ಹಳೆಯದು ಹೊಸದು ಎರಡನ್ನೂ ತಗೊಂಡು ಅದೇ ಚಾವಿವಾಲಾ ಹತ್ತಿರ ಹೋಗಿ. ಜನ ಕಡಿಮೆ ಇರುವ ಮಧ್ಯಾಹ್ನದ ಹೊತ್ತಿಗೆ ಹೋದರೆ ಇನ್ನೂ ಒಳ್ಳೇದು.